ಕಾಲುವೆಯ ಊರಿನಲ್ಲಿ ಬ್ಯಾಡಗಿಯ ಕೆಂಪು

ಬ್ಯಾಡಗಿ

ಹೊರದೇಶಕ್ಕೆ ಹೋಗುವವರು ಉಪ್ಪಿನಕಾಯಿ, ಚಟ್ನಿಪುಡಿ ಕಟ್ಟಿಕೊಂಡು ಹೋಗುತ್ತಾರೆ. ನಾನು ಒಯ್ದದ್ದು ಹನ್ನೆರಡು ಪುಟ್ಟ ಚೀಲ ಒಣಮೆಣಸಿನಕಾಯಿ. ಜೊತೆಗೆ ನನ್ನ ತಂದೆಯ ತಮ್ಮ ಚನ್ನಬಸಪ್ಪ ಕಾಕಾನನ್ನೂ ಕರೆದುಕೊಂಡು ಹೋದೆ. ಎರಡರಲ್ಲಿ ಒಂದು ಇಲ್ಲದಿದ್ದರೂ ಆ ಪ್ರವಾಸಕ್ಕೆ ಅರ್ಥವಿರುತ್ತಿರಲಿಲ್ಲ.

ಆಗ ಹಾವೇರಿ ಜಿಲ್ಲೆಯಾಗಿ ಇನ್ನೂ ಹತ್ತು ವರ್ಷ ತುಂಬಿರಲಿಲ್ಲ. ನಾನು ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದೆ. ಕಾಕಾ ಬ್ಯಾಡಗಿಯಲ್ಲಿ ದಲಾಲಿ ಅಂಗಡಿ ಇಟ್ಟು ನಲವತ್ತು ವರ್ಷ ಮೆಣಸಿನಕಾಯಿ ನೋಡಿದವರು. ನಮ್ಮ ಕಾಯಿಗೆ ಖಾರಕ್ಕಿಂತ ಬಣ್ಣದಿಂದ ಹೆಸರು. ಕಾಕಾ ಒಂದು ಹಿಡಿ ಎತ್ತಿ, ಬೆಳಕಿಗೆ ತಿರುಗಿಸಿ, ಇದು ಇಂಥ ದರ್ಜೆ ಎಂದರೆ ಖರೀದಿಗೆ ಬಂದವರಾಗಲಿ ಬೆಳೆದವರಾಗಲಿ ಎದುರು ಮಾತಾಡುತ್ತಿರಲಿಲ್ಲ.

ಅವರ ಅಂಗಡಿಯಲ್ಲಿ ಕುಳಿತಾಗಲೆಲ್ಲ ನನ್ನನ್ನು ಕೊರೆಯುತ್ತಿದ್ದ ಒಂದು ಪ್ರಶ್ನೆ ಇತ್ತು. ಪ್ರತಿ ರಾಶಿಯ ಮೇಲೆ ರೈತನ ಹೆಸರು, ಊರಿನ ಹೆಸರು ಬರೆದ ಚೀಟಿ ಇರುತ್ತದೆ. ಒಳ್ಳೆಯ ಕಾಯಿಗೆ ಹೆಸರಾದ ಊರುಗಳುಂಟು, ಯಾರೂ ಕೇಳದ ಊರುಗಳೂ ಉಂಟು. ಕಾಕಾನ ಕಣ್ಣು ನೋಡುವುದು ಕಾಯಿಯನ್ನೋ, ಚೀಟಿಯನ್ನೋ?

ಇದನ್ನು ಕುರಿತು ನಾನು ಬರೆದ ಸಣ್ಣ ಲೇಖನ ಓದಿ ನೆದರ್ಲೆಂಡ್ಸಿನಿಂದ ಮಾರೈಕೆ ಎಂಬಾಕೆ ಇ-ಮೇಲ್ ಕಳಿಸಿದ್ದಳು. ಮನುಷ್ಯರು ಬಣ್ಣವನ್ನು ಹೇಗೆ ಅಳೆಯುತ್ತಾರೆ ಎಂಬುದೇ ಆಕೆಯ ಅಧ್ಯಯನ. ಬಣ್ಣ ಅಳೆಯುವ ಯಂತ್ರವೂ ಆಕೆಯ ಬಳಿ ಇತ್ತು. ಒಂದು ವರ್ಷ ಪತ್ರ ಓಡಾಡಿ, ಕೊನೆಗೆ ನನಗೂ ಕಾಕಾನಿಗೂ ಆಹ್ವಾನ ಬಂತು. ಕಾಕಾ ಅಲ್ಲಿ ಯಂತ್ರದ ಎದುರು ಕುಳಿತು ಬಂದ ಮೇಲೆ, ಅದೇ ಪರೀಕ್ಷೆಯನ್ನು ಬ್ಯಾಡಗಿಯ ಇತರ ದಲಾಲರಿಗೆ ಕೊಡುವುದು ಎಂದು ನಿರ್ಧಾರವಾಯಿತು.

ನನ್ನ ವಿದ್ಯಾರ್ಥಿಗಳಿಗೆ ಹೇಳುವ ಮಾತನ್ನೇ ಇಲ್ಲೂ ಹೇಳುತ್ತೇನೆ. ಪ್ರಯೋಗವೆಂದರೆ ಒಂದೇ ಒಂದು ಸಂಗತಿಯನ್ನು ಬದಲಿಸಿ, ಉಳಿದದ್ದನ್ನೆಲ್ಲ ಹಾಗೇ ಇಟ್ಟು, ಏನಾಗುತ್ತದೆಂದು ನೋಡುವುದು. ಕಾಯಿ ತುಂಬಿದ ಯಾವ ಬಟ್ಟಲಿಗೆ ಯಾವ ಊರಿನ ಚೀಟಿ ಎಂಬುದನ್ನು ನಾವು ನಾಣ್ಯ ಹಾರಿಸಿ ನಿರ್ಧರಿಸಬಹುದು. ಆ ಭಾಗ ಪೂರಾ ಪ್ರಯೋಗ. ಆದರೆ ನಾಣ್ಯ ಹಾರಿಸಿ ಒಬ್ಬನನ್ನು ದಲಾಲನನ್ನಾಗಿ, ಇನ್ನೊಬ್ಬನನ್ನು ವಿದ್ಯಾರ್ಥಿಯನ್ನಾಗಿ ಮಾಡಲು ಬರುವುದಿಲ್ಲ. ನಲವತ್ತು ವರ್ಷದ ಅನುಭವವನ್ನು ನಾವು ಹಂಚಲಾರೆವು, ಇದ್ದವರ ಪಕ್ಕದಲ್ಲಿ ಇಲ್ಲದವರನ್ನು ಕೂರಿಸಿ ಹೋಲಿಸಬಹುದಷ್ಟೆ. ಆ ಭಾಗಕ್ಕೆ ಅರೆಪ್ರಯೋಗ ಎನ್ನುತ್ತೇವೆ.

ಕೆಲವು ಸಂಗತಿಗಳನ್ನು ಕೊನೆಗಷ್ಟೇ ಹೇಳುತ್ತೇನೆ, ನಡುವೆ ಬೇಡವೆನಿಸಿದರೆ ಎದ್ದು ಹೋಗಬಹುದು ಎಂದು ಕಾಕಾನಿಗೆ ಮೊದಲೇ ಹೇಳಿದ್ದೆ. ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕುತ್ತ ಅವರು, "ನಾ ಕಾಯಿ ನೋಡಾವ. ನೀ ಏನರ ಮುಚ್ಚಿಡು, ಕಾಯಿ ಮಾತ್ರ ಮುಚ್ಚಿಡಬ್ಯಾಡ" ಎಂದರು.

ವಿಮಾನ ನಿಲ್ದಾಣ

ಜೂನ್ ತಿಂಗಳು. ನಮ್ಮಲ್ಲಿ ಬಿತ್ತನೆಯ ಗಡಿಬಿಡಿ, ಮೆಣಸಿನಕಾಯಿ ಮಾರುಕಟ್ಟೆಗೆ ಬಿಡುವು. ಕಾಕಾ ಬಿಳಿ ಧೋತರ, ಕರಿ ಕೋಟು, ತಲೆಗೆ ಟೊಪ್ಪಿಗೆ ಹಾಕಿ ಹೊರಟಿದ್ದರು. ವಿಮಾನ ಇಳಿದು ಹೊರಗೆ ಬರುವಾಗ ಸುಂಕದ ಅಧಿಕಾರಿಯೊಬ್ಬ ನಮ್ಮ ಪೆಟ್ಟಿಗೆಯನ್ನು ಮೇಜಿನ ಮೇಲೆ ಎತ್ತಿಸಿದ. ನಾನು ಮಾರೈಕೆಯ ಪತ್ರವನ್ನೂ ಕಾಯಿಗೆ ಸಂಬಂಧಿಸಿದ ದಾಖಲೆಗಳನ್ನೂ ಮುಂದಿಟ್ಟೆ. ಆತ ಓದಲೇ ಇಲ್ಲ. ಒಂದು ಚೀಲ ಬಿಚ್ಚಿ ಮೂಗಿನ ಹತ್ತಿರ ಹಿಡಿದ. ಮರುಕ್ಷಣ ಸೀನು ಶುರುವಾಯಿತು. ಒಂದು, ಎರಡು, ಐದು. ಪಕ್ಕದ ಮೇಜಿನವಳಿಗೂ ಹಿಡಿಯಿತು.

ನಾನು ಹೆದರಿ ನಿಂತಿದ್ದೆ. ಕಾಕಾ ಮಾತ್ರ ನಿಧಾನವಾಗಿ ಮುಂದೆ ಹೋಗಿ, ಚೀಲದ ಬಾಯಿ ಮುದುಡಿ ಕಟ್ಟಿ, ಕೋಟಿನ ಜೇಬಿನಿಂದ ಮಡಿಸಿದ ಕರವಸ್ತ್ರ ತೆಗೆದು ಅವನಿಗೆ ಕೊಟ್ಟರು. ಆತ ಮೂಗು ಒರೆಸಿಕೊಂಡು ನಕ್ಕ, ಪತ್ರ ಓದಿದ, ಮುದ್ರೆ ಒತ್ತಿದ. ಕರವಸ್ತ್ರ ಮರಳಿ ಬಂತೋ ಇಲ್ಲವೋ ನೆನಪಿಲ್ಲ.

ಮಾರೈಕೆಯ ಮನೆ

ಆ ಪಟ್ಟಣದ ಹೆಸರಿಗೆ ಕಾಕಾನ ನಾಲಗೆ ತಿರುಗಲೇ ಇಲ್ಲ. ಬೀದಿಗೊಂದು ಕಾಲುವೆ ಇದ್ದದ್ದರಿಂದ ಅವರು ಅದನ್ನು 'ಕಾಲುವಿ ಊರು' ಎಂದು ಕರೆದರು. ನಾನೂ ಹಾಗೇ ಕರೆಯುತ್ತೇನೆ.

ಮಾರೈಕೆ ನನಗಿಂತ ಎರಡು ವರ್ಷ ದೊಡ್ಡವಳು. ಎತ್ತರದ ಹೆಂಗಸು, ಮಾತು ನೇರ. ತನ್ನ ಮನೆಯ ಮಹಡಿಯಲ್ಲೇ ನಮಗೆ ಎರಡು ಕೋಣೆ ಕೊಟ್ಟಿದ್ದಳು. ಬೀದಿಗೆ ದೊಡ್ಡ ಕಿಟಕಿ. ಅದಕ್ಕೆ ಪರದೆಯೇ ಇಲ್ಲ. ಹಾದು ಹೋಗುವವರಿಗೆಲ್ಲ ಮನೆಯವರು ಏನು ಓದುತ್ತಿದ್ದಾರೆ, ಏನು ಉಣ್ಣುತ್ತಿದ್ದಾರೆ ಎಂದು ಕಾಣುತ್ತದೆ. ಆದರೆ ಯಾರೂ ಒಳಗೆ ಇಣುಕುವುದಿಲ್ಲ. ನಮ್ಮಲ್ಲಿ ಬಾಗಿಲು ಮುಚ್ಚಿದ್ದರೂ ಒಳಗಿನ ಒಗ್ಗರಣೆ ಏನೆಂದು ಓಣಿಗೆ ಗೊತ್ತಿರುತ್ತದೆ.

ಚಹಾದ ಜೊತೆ ಒಂದು ಬಿಸ್ಕತ್ತು ಕೊಟ್ಟು ಆಕೆ ಡಬ್ಬಿಯ ಮುಚ್ಚಳ ಹಾಕಿಬಿಡುತ್ತಿದ್ದಳು. ಎರಡನೆಯದಕ್ಕೆ ಕೈಚಾಚಿದ್ದ ಕಾಕಾ ಕೈಯನ್ನು ಹಾಗೇ ಮೀಸೆಗೆ ತಿರುಗಿಸಿದರು. ಮಧ್ಯಾಹ್ನ ಎರಡು ತುಂಡು ಬ್ರೆಡ್ಡು, ಚೀಸು, ಒಂದು ಲೋಟ ಹಾಲು. ಬ್ರೆಡ್ಡಿನ ಮೇಲೆ ಚಾಕಲೇಟಿನ ಚೂರುಗಳನ್ನು ನಾವು ರೊಟ್ಟಿಗೆ ಎಳ್ಳು ಹಚ್ಚಿದಂತೆ ಉದುರಿಸಿಕೊಂಡು ದೊಡ್ಡವರೂ ತಿನ್ನುತ್ತಾರೆ. ಇವರು ಊಟ ಮಾಡುವುದಿಲ್ಲ, ನಾಷ್ಟಾವನ್ನೇ ಎರಡು ಸಲ ಮಾಡುತ್ತಾರೆ ಎಂದು ಕಾಕಾ ತೀರ್ಮಾನಿಸಿದರು. ತಂದಿದ್ದ ಕಟಕ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದಾಗ ಮಾರೈಕೆ ರೊಟ್ಟಿ ಮುರಿಯುವ ಸದ್ದಿಗೇ ಬೆರಗಾದಳು.

ಆ ಮನೆಯ ಪಾಯಿಖಾನೆಯ ಗೋಡೆಗೆ ಒಂದು ಕ್ಯಾಲೆಂಡರು ತೂಗುಹಾಕಿದ್ದರು. ಬಂಧು ಬಳಗದವರ ಹುಟ್ಟಿದ ದಿನಗಳೆಲ್ಲ ಅದರಲ್ಲಿ. ದಿನಕ್ಕೆ ನಾಲ್ಕು ಸಲ ಕಣ್ಣಿಗೆ ಬಿದ್ದರೆ ಮರೆಯುವುದಿಲ್ಲವಂತೆ. ಕಾಕಾ ಹುಟ್ಟಿದ್ದು ಯಾವಾಗ ಎಂದು ಕೇಳಿದಳು. ಪಾಸ್‌ಪೋರ್ಟಿನಲ್ಲಿ ಜೂನ್ ಒಂದು ಇತ್ತು. ನಮ್ಮ ಕಡೆ ಶಾಲೆಗೆ ಸೇರಿಸುವಾಗ ಮಾಸ್ತರರು ಅರ್ಧ ಊರಿಗೇ ಕೊಡುವ ಹುಟ್ಟಿದ ದಿನ ಅದು ಎಂದು ವಿವರಿಸಲು ಹೋದೆ, ಆಕೆ ಆಗಲೇ ಬರೆದಾಗಿತ್ತು. ದಾಟಿ ಹೋದ ಹುಟ್ಟುಹಬ್ಬಕ್ಕೆ ಕಾಕಾನ ಕೈ ಕುಲುಕಿ, ಆಮೇಲೆ ನನ್ನ ಕೈಯನ್ನೂ ಕುಲುಕಿದಳು. ಒಬ್ಬರ ಹುಟ್ಟುಹಬ್ಬಕ್ಕೆ ಅಲ್ಲಿ ಮನೆಮಂದಿಗೆಲ್ಲ ಅಭಿನಂದನೆ ಹೇಳುತ್ತಾರೆ.

ಪ್ರಯೋಗಶಾಲೆ

ಕೆಲಸ ಹೀಗಿತ್ತು. ಒಂದೊಂದಾಗಿ ಬಟ್ಟಲು ಬರುತ್ತದೆ. ಮುಟ್ಟಬಹುದು, ಮುರಿಯುವಂತಿಲ್ಲ. ಬಣ್ಣಕ್ಕೆ ಒಂದರಿಂದ ಹತ್ತರವರೆಗೆ ಅಂಕ ಕೊಡಬೇಕು. ಒಂದೇ ಚೀಲದ ಕಾಯಿ ಬೇರೆ ಬೇರೆ ಹೊತ್ತಿಗೆ ಮೂರು ಸಲ ಬರುತ್ತದೆ: ಒಮ್ಮೆ ಚೀಟಿ ಇಲ್ಲದೆ, ಒಮ್ಮೆ ಹೆಸರಾದ ಊರಿನ ಚೀಟಿಯೊಂದಿಗೆ, ಒಮ್ಮೆ ಯಾರೂ ಕೇಳದ ಊರಿನ ಚೀಟಿಯೊಂದಿಗೆ. ಒಂದೇ ಕಾಯಿ ಬೇರೆ ಬೇರೆ ಚೀಟಿ ಹೊತ್ತು ಬರುತ್ತದೆ ಎಂಬ ಗುಟ್ಟು ಕಾಕಾನಿಗೆ ಗೊತ್ತಿರಲಿಲ್ಲ. ಅಲ್ಲಿನ ಎಂಟು ಜನ ವಿದ್ಯಾರ್ಥಿಗಳೂ ಇದೇ ಪರೀಕ್ಷೆಗೆ ಕೂರುವವರಿದ್ದರು. ಅವರಿಗೆ ಕಾಯಿಯೂ ಹೊಸದು, ಊರ ಹೆಸರುಗಳೂ ಬರೀ ಅಕ್ಷರ.

ಗುಟ್ಟು ಗೊತ್ತಿದ್ದ ನಾನು ಆ ಕೋಣೆಗೆ ಕಾಲಿಡುವಂತಿರಲಿಲ್ಲ. ನನ್ನ ಹುಬ್ಬು ಏರಿದರೂ ಕಾಕಾ ಓದಿಬಿಡುತ್ತಾರೆ. ಬಟ್ಟಲು ತುಂಬುವವರು ಬೇರೆ, ಅಂಕ ಬರೆದುಕೊಳ್ಳುವವರು ಬೇರೆ. ಭಾಷೆ ಬೇಡವೆಂದು, ಎತ್ತಿ ತೋರಿಸಲು ಅಂಕಿಗಳ ಹತ್ತು ಕಾರ್ಡು ಕೊಟ್ಟಿದ್ದೆವು.

ಮೊದಲ ದಿನ ಕಾಕಾ ಎರಡು ತಾಸಿಗೆ ಹೊರಗೆ ಬಂದರು. ಮುಖ ಇಳಿದಿತ್ತು. ಚೀಟಿಯಿಲ್ಲದ ಬಟ್ಟಲುಗಳ ಅಂಕಗಳನ್ನು ಮಾತ್ರ ಯಂತ್ರದ ಅಳತೆಯ ಪಕ್ಕ ಇಟ್ಟು ನೋಡಿದೆವು. ಕಾಕಾನ ಅಂಕಗಳು ಚೆಲ್ಲಾಪಿಲ್ಲಿಯಾಗಿದ್ದವು. ಬ್ಯಾಡಗಿಯಲ್ಲಿ ಯಾರನ್ನು ಕೇಳಿದರೂ ಎರಡು ಎನ್ನುವ ಕಾಯಿಗೆ ಏಳು ಕೊಟ್ಟಿದ್ದರು.

"ಆ ಕೋಣ್ಯಾಗಿನ ಬೆಳಕು ಸರಿ ಇಲ್ಲವ್ವಾ ಸರೂ. ಎಲ್ಲಾ ಕಾಯಿನೂ ಒಂದ ನಮೂನಿ ಕಾಣಾಕತ್ತಿದ್ವು" ಎಂದರು ಕಾಕಾ.

ಕಿಟಕಿಯಿಲ್ಲದ ಕೋಣೆ, ಹಳದಿ ಬೆಳಕಿನ ಟ್ಯೂಬುಗಳು. ಬ್ಯಾಡಗಿಯಲ್ಲಿ ಯಾರೂ ದೀಪದ ಬೆಳಕಿನಲ್ಲಿ ಕಾಯಿ ನೋಡುವುದಿಲ್ಲ ಎಂದು ನನಗೆ ಗೊತ್ತಿದ್ದೂ ತಲೆಗೆ ಹೊಳೆದಿರಲಿಲ್ಲ. ಕಾಕಾನನ್ನು ನಾಳೆ ಕಿಟಕಿಯ ಬಳಿ ಕೂರಿಸಿ ಮತ್ತೊಮ್ಮೆ ಮಾಡೋಣ, ಇಂದಿನ ಅಂಕ ಬಿಟ್ಟುಬಿಡೋಣ ಎಂದೆ.

ಮಾರೈಕೆ ಒಪ್ಪಲಿಲ್ಲ. "ಸೋತ ಮೇಲೆ ಎಲ್ಲ ಪರಿಣತರೂ ಬೆಳಕನ್ನೇ ದೂರುತ್ತಾರೆ. ನಿನ್ನ ಚಿಕ್ಕಪ್ಪನಿಗೆ ಮಾತ್ರ ಎರಡನೆಯ ಅವಕಾಶ ಕೊಟ್ಟರೆ ಅದು ಪ್ರಯೋಗವಾಗುವುದಿಲ್ಲ, ಪ್ರೀತಿಯಾಗುತ್ತದೆ" ಎಂದಳು. ನನಗೆ ಸಿಟ್ಟು ಬಂತು. ಆಕೆಯ ಮಾತು ಸರಿಯಿದ್ದದ್ದರಿಂದ ಇನ್ನೂ ಹೆಚ್ಚು ಬಂತು. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಆ ದಿನದ ಚೀಟಿಯ ಬಟ್ಟಲುಗಳ ಫಲಿತಾಂಶವನ್ನು ಯಾರೂ ತೆರೆದು ನೋಡುವುದಿಲ್ಲ. ಹಗಲು ಬೆಳಕಿನಲ್ಲಿ ಎಲ್ಲರೂ ಮೊದಲಿನಿಂದ ಮಾಡಬೇಕು, ಕಾಕಾನೂ ಎಂಟು ವಿದ್ಯಾರ್ಥಿಗಳೂ. ಮೊದಲ ದಿನ ಏನಾಯಿತೆಂಬುದನ್ನೂ ಮುಚ್ಚದೆ ಬರೆಯಬೇಕು.

ಮೋಡದ ಮೂರು ದಿನ

ಹಗಲು ಬೆಳಕು ಬೇಕೆಂದ ಕೂಡಲೇ ಆ ಊರಿನ ಆಕಾಶ ಆಟ ಶುರುಮಾಡಿತು. ಒಂದು ಗಳಿಗೆ ಬಿಸಿಲು, ಒಂದು ಗಳಿಗೆ ಕಪ್ಪು ಮೋಡ. ಬೆಳಕು ಒಂದೇ ಮಟ್ಟದಲ್ಲಿ ನಿಂತರೆ ಮಾತ್ರ ಪರೀಕ್ಷೆ ಎಂದು ನಿಯಮ ಮಾಡಿಕೊಂಡಿದ್ದೆವು. ಮೂರು ದಿನ ನಿಲ್ಲಲಿಲ್ಲ.

ಕಾಕಾ ಆ ದಿನಗಳಲ್ಲಿ ಊರು ಸುತ್ತಿದರು. ಸೈಕಲ್ಲಿನವರು ಗಂಟೆ ಬಾರಿಸುತ್ತ ನುಗ್ಗಿ ಬರುತ್ತಾರೆ. ಕೋಟು ಟೈ ಹಾಕಿದ ಪ್ರೊಫೆಸರರೂ ಸೈಕಲ್ಲೇ, ಎಂಬತ್ತರ ಅಜ್ಜಿಯೂ ಸೈಕಲ್ಲೇ. ಕಾಕಾ ಸೈಕಲ್ಲಿನ ದಾರಿಯನ್ನೇ ಕಾಲುದಾರಿ ಎಂದು ತಿಳಿದು ನಡುವೆ ನಡೆದು, ಮೂರು ಜನರನ್ನು ಇಳಿಸಿ ನಿಲ್ಲಿಸಿದರು. ಶನಿವಾರದ ಸಂತೆಯಲ್ಲಿ ಮಾತ್ರ ಅವರು ಊರಿನವರೇ ಆಗಿಬಿಟ್ಟರು. ಚೀಸಿನ ಅಂಗಡಿಯವನು ದೊಡ್ಡ ಗಾಲಿಯಂಥ ಚೀಸನ್ನು ಬೆರಳಿಂದ ತಟ್ಟಿ ಕಿವಿಗೊಟ್ಟು ಕೇಳುತ್ತಿದ್ದ. ಕಾಕಾ ಬಹಳ ಹೊತ್ತು ಅವನ ಎದುರು ನಿಂತರು. ನನ್ನ ಕಡೆ ತಿರುಗಿ, ಇವನೂ ನಮ್ಮವನೇ ಎಂದರು.

ಆದರೆ ಮನೆಗೆ ಬಂದರೆ ರೊಟ್ಟಿ ಅರ್ಧಕ್ಕೇ ಬಿಡುತ್ತಿದ್ದರು. ಮೂರನೆಯ ದಿನ ಸಂಜೆ ಕೇಳಿದರು, "ಸರೂ, ಖರೇ ಹೇಳು. ನನ್ನ ಕಣ್ಣ ಹೋಗ್ಯಾವೇನು?"

ನನಗೆ ಗೊತ್ತಿಲ್ಲ ಎಂದೆ. ಅವರಿಗೆ ಧೈರ್ಯ ಹೇಳುವುದು ಸುಲಭವಿತ್ತು. ಹೇಳಿದ್ದರೆ ಅದೂ ಒಂದು ಚೀಟಿಯಾಗುತ್ತಿತ್ತು.

ಉತ್ತರದ ಕಿಟಕಿ

ನಾಲ್ಕನೆಯ ಬೆಳಿಗ್ಗೆ ಆಕಾಶ ತುಂಬ ತೆಳ್ಳನೆಯ ಬಿಳಿ ಮೋಡ ಹರಡಿ ಹಾಗೇ ನಿಂತಿತು. ಬೆಳಕು ಅಳೆಯುವ ಮುಳ್ಳು ಅಲುಗಲಿಲ್ಲ. ಉತ್ತರಕ್ಕೆ ಮುಖ ಮಾಡಿದ ಕಿಟಕಿಯ ಕೆಳಗೆ ಮೇಜು ಹಾಕಿದರು. ಎರಡು ದಿನದಲ್ಲಿ ಒಂಬತ್ತು ಜನರದೂ ಮುಗಿಯಿತು. ಕಾಕಾ ಹೊರಗೆ ಬಂದಾಗ ಕೈಗೆ ಹತ್ತಿದ ಕೆಂಪನ್ನು ಧೋತರಕ್ಕೆ ಒರೆಸುತ್ತ, ಎರಡು ಲೋಟ ಹಾಲು ಕುಡಿದರು. ಆ ದಿನದ ಕೆಲಸ ಅವರಿಗೆ ಒಪ್ಪಿದೆ ಎಂದು ನನಗೆ ತಿಳಿಯಿತು.

ಮರುದಿನ ಮಾರೈಕೆ ನಮ್ಮಿಬ್ಬರನ್ನೂ ಕೂರಿಸಿಕೊಂಡು ಫಲಿತಾಂಶ ಹೇಳಿದಳು. ಚೀಟಿಯಿಲ್ಲದ ಬಟ್ಟಲುಗಳಲ್ಲಿ ಕಾಕಾನ ಅಂಕ ಮತ್ತು ಯಂತ್ರದ ಅಳತೆ ಒಂದರ ಹಿಂದೆ ಒಂದು ನಡೆದಿದ್ದವು. ವಿದ್ಯಾರ್ಥಿಗಳಲ್ಲಿ ಒಬ್ಬರೂ ಅವರ ಹತ್ತಿರ ಸುಳಿದಿರಲಿಲ್ಲ. ಇಂಥ ಕಣ್ಣನ್ನು ತಾನು ನೋಡಿಲ್ಲ ಎಂದಳು. ನಾನು ಒಂದು ಅಕ್ಷರವೂ ಬಿಡದೆ ಕನ್ನಡಕ್ಕೆ ತಂದೆ. ಕಾಕಾ ಮೀಸೆಯ ಮೇಲೆ ಕೈ ಇಟ್ಟರು.

ಆಮೇಲೆ ಆಕೆ ಇನ್ನೊಂದು ಹಾಳೆ ತಿರುಗಿಸಿದಳು. ಚೀಟಿಯ ಬಟ್ಟಲುಗಳಲ್ಲಿ ಅದೇ ಕಣ್ಣು ಬೇರೆಯದಾಗಿತ್ತು. ಅದೇ ಕಾಯಿಗೆ ಹೆಸರಾದ ಊರಿನ ಚೀಟಿ ಇದ್ದಾಗ ಕಾಕಾ ಹೆಚ್ಚು ಕೊಟ್ಟಿದ್ದರು, ಯಾರೂ ಕೇಳದ ಊರಿನ ಚೀಟಿ ಇದ್ದಾಗ ಕಡಿಮೆ. ಒಂದೆರಡು ಸಲವಲ್ಲ, ಹೆಚ್ಚುಕಡಿಮೆ ಪ್ರತಿ ಸಲ. ವಿದ್ಯಾರ್ಥಿಗಳಿಗೆ ಚೀಟಿಯಿಂದ ಏನೂ ಆಗಿರಲಿಲ್ಲ. ಮಾರೈಕೆ ರೇಖೆಗಳನ್ನು ತೋರಿಸುತ್ತ ಬಹಳ ಹೊತ್ತು ವಿವರಿಸಿದಳು.

ನನ್ನ ಬಾಯಿಂದ ಬಂದದ್ದು ಇಷ್ಟೆ: "ಚೀಟಿ ಇದ್ದಾಗ ಸ್ವಲ್ಪ ಫರಕ್ ಬಂದೈತಂತ್ರಿ ಕಾಕಾ."

ಕಾಕಾ ನನ್ನನ್ನೇ ನೋಡಿದರು. "ಆಕಿ ಅಷ್ಟೊತ್ತು ಮಾತಾಡಿದ್ಳು. ನೀ ಒಂದ ಮಾತಿನಾಗ ಮುಗಿಸಿದಿ. ಉಳದಿದ್ದೆಲ್ಲಾ ಎಲ್ಲಿ ಹೋತು?"

ಇಪ್ಪತ್ತು ವರ್ಷ ತರಗತಿಯಲ್ಲಿ ಕಲಿಸಿದ್ದನ್ನು ಒಂದು ವಾಕ್ಯದಲ್ಲಿ ಕೆಡಿಸಿದ್ದೆ. ಮೊದಲಿನಿಂದ ಹೇಳಿದೆ. ಚೀಟಿಗಳನ್ನು ನಾನೇ ಬರೆದದ್ದು, ಊರುಗಳನ್ನು ನಾನೇ ಆರಿಸಿದ್ದು, ಇದನ್ನು ತಿಳಿಯಲೆಂದೇ ಅವರನ್ನು ಇಷ್ಟು ದೂರ ಕರೆತಂದದ್ದು, ಎಲ್ಲವನ್ನೂ. ಮುಗಿದ ಮೇಲೆ ಕಾಕಾ ಟೊಪ್ಪಿಗೆ ಎತ್ತಿಕೊಂಡು ಹೊರಗೆ ನಡೆದರು.

ಕಾಲುವೆಯ ದಂಡೆ

ಅರ್ಧ ತಾಸು ಬಿಟ್ಟು ಹುಡುಕುತ್ತ ಹೋದೆ. ಕಾಲುವೆಯ ದಂಡೆಯ ಬೆಂಚಿನ ಮೇಲೆ ಕುಳಿತಿದ್ದರು. ಎದುರಿಗೆ ಒಂದು ದೋಣಿ, ಅದರಲ್ಲೇ ಸಂಸಾರ ಹೂಡಿದ ಮನೆ, ಕಿಟಕಿಯಲ್ಲಿ ಹೂವಿನ ಕುಂಡ. ಪಕ್ಕದಲ್ಲಿ ಕುಳಿತೆ. ಮೋಸ ಮಾಡಿದೆ ಎಂದು ಬೈದರೆ ಬೈಸಿಕೊಳ್ಳುವ ತಯಾರಿಯಲ್ಲಿದ್ದೆ.

ಅವರ ಚಿಂತೆ ನನ್ನ ಬಗ್ಗೆ ಇರಲೇ ಇಲ್ಲ. ಒಬ್ಬ ರೈತನನ್ನು ನೆನೆಯುತ್ತಿದ್ದರು. ತುಂಗಭದ್ರೆಯ ಕಡೆಯ ಒಂದು ಸಣ್ಣ ಹಳ್ಳಿಯವನು, ಪ್ರತಿ ವರ್ಷ ಕಾಕಾನ ಅಂಗಡಿಗೇ ಕಾಯಿ ತರುತ್ತಿದ್ದ. ಪ್ರತಿ ವರ್ಷ ಎರಡನೆಯ ದರ್ಜೆ ಎಂದು ಕೇಳಿ ತಲೆಯಾಡಿಸಿ ಹೋಗುತ್ತಿದ್ದ. ಒಮ್ಮೆ ಮಾತ್ರ, ಮತ್ತೊಂದು ಸಲ ನೋಡಿ ಎಂದು ಕೇಳಿಕೊಂಡಿದ್ದನಂತೆ. ಕಾಕಾ ನೋಡಿರಲಿಲ್ಲ.

"ನಾ ಯಾರಿಗೂ ಬೇಕಂತ ಅನ್ಯಾಯ ಮಾಡಿಲ್ಲ ಸರೂ. ಅದಕ್ಕ ಹೆಚ್ಚಿಗಿ ತ್ರಾಸಾಗತೈತಿ. ಬೇಕಂತ ಮಾಡಿದ್ರ ಬಿಡಾಕರ ಬರತಿತ್ತು" ಎಂದರು.

ಇದು ನಿಮಗೊಬ್ಬರಿಗೇ ಅಲ್ಲ, ಎಲ್ಲ ಮನುಷ್ಯರಿಗೂ ಆಗುತ್ತದೆ. ಪರೀಕ್ಷೆಯ ಪತ್ರಿಕೆಯ ಮೇಲೆ ಹೆಸರು ಕಂಡರೆ ನನಗೂ ಆಗುತ್ತದೆ, ಅದಕ್ಕೇ ಅಲ್ಲಿ ಹೆಸರು ಮುಚ್ಚುತ್ತಾರೆ ಎಂದೆ. ಕಾಕಾ ತಟ್ಟನೆ ನನ್ನ ಕಡೆ ತಿರುಗಿದರು. ಹೆಸರು ಮುಚ್ಚಿದರೆ ಹೋಗುತ್ತದೆಯೇ ಎಂದು ಕೇಳಿದರು. ಚೀಟಿಯಿಲ್ಲದ ಬಟ್ಟಲುಗಳಲ್ಲಿ ನಿಮ್ಮ ಕಣ್ಣು ಏನು ಮಾಡಿತೆಂದು ನೋಡಿದಿರಲ್ಲ ಎಂದೆ. ಅವರು ತಲೆಯಾಡಿಸಿ ಎದ್ದರು. ನಡೆಯುವಾಗ ಸೈಕಲ್ಲಿನ ದಾರಿ ಬಿಟ್ಟು ಪಕ್ಕಕ್ಕೇ ನಡೆದರು.

ಕೊನೆಯ ಮಧ್ಯಾಹ್ನ

ಹೊರಡುವ ಹಿಂದಿನ ದಿನ ವಿದ್ಯಾರ್ಥಿಗಳಿಗೆ ಈ ಕೆಲಸದ ಬಗ್ಗೆ ನಾನೊಂದು ಉಪನ್ಯಾಸ ಕೊಡಬೇಕಿತ್ತು. ಕಾಕಾನ ಹೆಸರು ಹೇಳದೆ 'ಒಬ್ಬ ಪರಿಣತ' ಎನ್ನುತ್ತೇನೆ ಎಂದಿದ್ದೆ. ಕಾಕಾ ತಾವೇ ಬರುತ್ತೇನೆ ಎಂದರು. ಮುಂದಿನ ಸಾಲಿನಲ್ಲಿ ಕುಳಿತು, ನನ್ನ ಮಾತು ಮುಗಿದ ಮೇಲೆ ಎದ್ದು ನಿಂತರು. ನಾನು ಪಕ್ಕದಲ್ಲಿ ನಿಂತು ಪ್ರತಿ ಮಾತನ್ನೂ ಇಂಗ್ಲಿಷಿಗೆ ತಂದೆ, ಈ ಸಲ ಏನನ್ನೂ ಬಿಡದೆ.

ಆ ಪರಿಣತ ತಾನೇ ಎಂದರು. ತನ್ನ ಕಣ್ಣು ಸರಿಯಿದೆ, ಅದು ತನಗೆ ಮೊದಲೇ ಗೊತ್ತಿತ್ತು. ಆ ಕಣ್ಣಿಗೆ ಯಾರು ಏನು ಹೇಳಿಕೊಡುತ್ತಾರೆ ಎಂಬುದು ಗೊತ್ತಿರಲಿಲ್ಲ, ಅದನ್ನು ತಿಳಿಯಲು ಇಲ್ಲಿಯವರೆಗೆ ಬರಬೇಕಾಯಿತು ಎಂದರು. ನೀವು ಎಂಟು ಮಂದಿ ಚೀಟಿಗೆ ಮೋಸ ಹೋಗದೇ ಇದ್ದದ್ದು ನೀವು ಜಾಣರೆಂದಲ್ಲ, ನಿಮಗೆ ಓದಲು ಬಾರದ್ದಕ್ಕೆ ಎಂದೂ ಸೇರಿಸಿದರು. ಸಭೆ ಗೊಳ್ಳೆಂದು ನಕ್ಕಿತು. ಮಾರೈಕೆ ನಗುತ್ತಲೇ ಅದನ್ನು ಬರೆದುಕೊಂಡಳು. ಅರೆಪ್ರಯೋಗದ ದೌರ್ಬಲ್ಯವನ್ನು ಕಾಕಾ ಒಂದೇ ಮಾತಿನಲ್ಲಿ ಹೇಳಿದ್ದರು. ಅನುಭವ ಇರುವವರೂ ಇಲ್ಲದವರೂ ಒಂದು ವಿಷಯದಲ್ಲಿ ಮಾತ್ರ ಬೇರೆ ಎಂದು ನಂಬಿದರೆ ಕೆಟ್ಟೆವು. ನೂರು ವಿಷಯಗಳಲ್ಲಿ ಬೇರೆ ಇರುತ್ತಾರೆ.

ಮತ್ತೆ ಬ್ಯಾಡಗಿ

ಊರಿಗೆ ಬಂದ ಮೇಲೆ ಉಳಿದ ದಲಾಲರನ್ನು ಕೂರಿಸಿ ಪರೀಕ್ಷೆ ಮಾಡಿದೆ. ಎಲ್ಲರಿಗೂ ಹೆಚ್ಚುಕಡಿಮೆ ಕಾಕಾನಿಗೆ ಆದದ್ದೇ ಆಯಿತು. ಕೆಲವರು ಒಪ್ಪಿದರು, ಇಬ್ಬರು ನನ್ನ ಜೊತೆ ಮಾತು ಬಿಟ್ಟರು.

ಸುಗ್ಗಿ ಬಂದು ಮಾರುಕಟ್ಟೆ ಕೆಂಪಾದಾಗ ಕಾಕಾ ನನ್ನನ್ನು ಅಂಗಡಿಗೆ ಕರೆಸಿದರು. ಇನ್ನು ಮೇಲೆ ದರ್ಜೆ ಹೇಳುವ ತನಕ ರಾಶಿಯ ಚೀಟಿ ಮಡಚಿಡುವುದು ಎಂದು ನಿರ್ಧರಿಸಿದ್ದರು. ಒಳ್ಳೆಯದಾಯಿತು, ಇಂದೇ ಶುರುಮಾಡಿ ಎಂದೆ. ಅವರು ಒಪ್ಪಲಿಲ್ಲ.

"ನಾ ಬದಲಾಗೇನಿ ಅಂತ ನಾನ ಹೇಳಿದ್ರ ನಂಬಬ್ಯಾಡ. ಒಂದ ದಿನಾ ಚೀಟಿ ತೆರೆದಿಡು, ಒಂದ ದಿನಾ ಮಡಚು. ಯಾವ ದಿನಾ ಯಾವುದು ಅನ್ನೂದನ್ನ ನಾಣ್ಯ ಹಾರಿಸಿ ಹೇಳು. ಬರಕೊಂತ ಹೋಗು, ನೋಡೂಣು."

ಒಂದು ತಿಂಗಳು ಹಾಗೇ ನಡೆಯಿತು. ನಾನು ಕಾಲೇಜು ಮುಗಿಸಿ ರಾಣೆಬೆನ್ನೂರಿನಿಂದ ಬಸ್ಸು ಹಿಡಿದು ಬಂದು ಬರೆದುಕೊಳ್ಳುತ್ತಿದ್ದೆ. ಪ್ರತಿ ರಾಶಿಯಿಂದ ಒಂದು ಹಿಡಿ ಎತ್ತಿಟ್ಟು, ಊರು ತಿಳಿಯದಂತೆ ಮತ್ತೊಬ್ಬ ದಲಾಲರಿಂದ ನೋಡಿಸುತ್ತಿದ್ದೆ. ಚೀಟಿ ಮಡಚಿದ ದಿನಗಳಲ್ಲಿ ಇಬ್ಬರ ದರ್ಜೆಯೂ ಹೊಂದುತ್ತಿತ್ತು, ಊರು ಊರಿಗೆ ಭೇದ ಕಾಣಲಿಲ್ಲ. ತೆರೆದಿಟ್ಟ ದಿನಗಳಲ್ಲಿ, ಎಲ್ಲ ಗೊತ್ತಿದ್ದೂ, ಕಾಕಾ ಹೇಳಿದ ದರ್ಜೆ ಮತ್ತೆ ಊರಿನ ಹೆಸರಿನ ಹಿಂದೆ ಹೋಗಿತ್ತು. ಲೆಕ್ಕವನ್ನು ಅವರ ಮುಂದಿಟ್ಟೆ, ಮೆತ್ತಗೆ ಮಾಡದೆ.

ಕಾಕಾ ಎರಡು ಸಲ ಓದಿದರು. ಅಂಗಡಿಯ ಗಾದಿಯಿಂದ ಎದ್ದು ಅಂಗಳಕ್ಕೆ ಇಳಿದು, ಸಾಲಾಗಿ ಸುರಿದಿದ್ದ ರಾಶಿಗಳ ಮೇಲಿನ ಚೀಟಿಗಳನ್ನು ಒಂದೊಂದಾಗಿ ಮಡಚುತ್ತ ಕೊನೆಯವರೆಗೆ ಹೋದರು. ಆಮೇಲೆ ಮೊದಲ ರಾಶಿಗೆ ಬಂದು, ಒಂದು ಹಿಡಿ ಎತ್ತಿ ಬೆಳಕಿಗೆ ತಿರುಗಿಸಿದರು. "ಯಾರದರ ಇರಲಿ, ಇದು ಒಂದನೇ ದರ್ಜಿ" ಎಂದರು.